ತೆಗೆಯುವ ಮುನ್ನ: ಒಂದು ಪ್ಯಾಕೇಜ್ ಹೋದರೆ ಜೊತೆಗೆ ಏನೇನು ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನ ಪ್ಯಾಕೇಜನ್ನು, ಅಂದರೆ ಒಟ್ಟಿಗೆ ಹಾಕುವ, ತೆಗೆಯುವ ಸಾಫ್ಟ್‌ವೇರ್ ಕಟ್ಟನ್ನು, ತೆಗೆಯುವ ಬಗ್ಗೆ ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಮಾತಿನ ನಡುವೆ, ಪತ್ರಗಳಲ್ಲಿ, ಹೋಟೆಲಿನ ಗಲ್ಲಾದ ಪಕ್ಕ ನಿಂತು ಕೇಳಿದ ಪ್ರಶ್ನೆಗಳು ಇವು. ಕೇಳಿದವರಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುವ ಹೋಟೆಲಿನವರಿದ್ದಾರೆ, ಲ್ಯಾಮಿಂಗ್ಟನ್ ರಸ್ತೆಯಿಂದ ಹಳೆಯ ಲ್ಯಾಪ್‌ಟಾಪ್ ತಂದು ಉಬುಂಟು (ವಿಂಡೋಸ್‌ನಂಥದೇ ಒಂದು ಲಿನಕ್ಸ್ ವ್ಯವಸ್ಥೆ) ಹಾಕಿಕೊಂಡ ವಿದ್ಯಾರ್ಥಿಗಳಿದ್ದಾರೆ, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವವರೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಧಾಟಿಯಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲ ಬಾರಿಗೆ ಎದುರಾದವರಿಗೆ

"ಒಂದೇ ಒಂದು ಸಾಫ್ಟ್‌ವೇರ್ ತೆಗೆಯಲು ಹೊರಟೆ, ಇಪ್ಪತ್ತು ಹೆಸರು ಬಂದವು. ನಾನು ಹೇಳಿದ್ದು ಒಂದನ್ನಲ್ಲವೇ?"

ಹೇಳಿದ್ದು ಒಂದನ್ನೇ. ಆದರೆ ಇಂದಿನ ಪ್ರೋಗ್ರಾಮುಗಳು ಒಂಟಿಯಾಗಿ ಬಾಳುವುದಿಲ್ಲ. ಚಿತ್ರ ತೋರಿಸುವುದು, ಜಾಲಕ್ಕೆ ಸಂಪರ್ಕ ಕೊಡುವುದು, ಅಕ್ಷರ ಮೂಡಿಸುವುದು ಇಂಥ ಕೆಲಸಗಳನ್ನು ಪ್ರತಿಯೊಂದೂ ತಾನೇ ಮಾಡಿಕೊಳ್ಳದೆ, ಎಲ್ಲಕ್ಕೂ ಸಮಾನವಾಗಿರುವ ಲೈಬ್ರರಿಗಳಿಂದ ಪಡೆಯುತ್ತದೆ. ಮಾಟುಂಗಾದ ಉಡುಪಿ ಹೋಟೆಲೊಂದರ ಅಡುಗೆಮನೆಯಿಂದ ಗ್ರೈಂಡರನ್ನು ಹೊರಗಿಟ್ಟರೆ ಇಡ್ಲಿ, ದೋಸೆ, ವಡೆ ಮೂರನ್ನೂ ಬೋರ್ಡಿನಿಂದ ಅಳಿಸಬೇಕಾಗುತ್ತದೆ. ನಿಮ್ಮ ಪರದೆಯ ಮೇಲಿನ ಇಪ್ಪತ್ತು ಹೆಸರು ಆ ಬೋರ್ಡು.

ಕನ್ನಡದವರಿಗೇ ತಟ್ಟುವ ಉದಾಹರಣೆ ಕೊಡುತ್ತೇನೆ. ಉಬುಂಟುವಿನಲ್ಲಿ ‘ಎಂ17ಎನ್-ಡಿಬಿ’ ಎಂಬ ಪ್ಯಾಕೇಜ್ ಇದೆ. ಹೆಸರು ನೋಡಿದರೆ ಯಾರೋ ಬಿಟ್ಟುಹೋದ ಕಸದಂತಿದೆ. ಜಾಗ ಉಳಿಸಲು ಅದನ್ನು ತೆಗೆಯಲು ಹೋದರೆ ‘ಐಬಸ್-ಎಂ17ಎನ್’ ಕೂಡ ಹೋಗುತ್ತದೆ ಎಂದು ಪಟ್ಟಿ ತೋರಿಸುತ್ತದೆ. ನೀವು ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪು ಮಾಡುತ್ತಿದ್ದುದು ಆ ಎರಡರ ಆಸರೆಯಿಂದ. ಪಟ್ಟಿಯಲ್ಲಿ ‘ಕನ್ನಡ’ ಎಂಬ ಹೆಸರು ಎಲ್ಲಿಯೂ ಇರುವುದಿಲ್ಲ. ತೊಡಕಿರುವುದೇ ಅಲ್ಲಿ: ಯಂತ್ರ ಸುಳ್ಳು ಹೇಳಲಿಲ್ಲ, ಆದರೆ ನಿಮಗೆ ಬೇಕಾದ ಮಾತನ್ನೂ ಹೇಳಲಿಲ್ಲ.

"ಪಟ್ಟಿ ಪೂರ್ತಿ ಓದಲು ಪುರುಸೊತ್ತಿಲ್ಲ ಸರ್. ಏನು ನೋಡಿದರೆ ಸಾಕು?"

ಕೊನೆಯ ಸಾಲುಗಳನ್ನು ಮೊದಲು ನೋಡಿ. ಎಷ್ಟು ಹೊಸದಾಗಿ ಬರುತ್ತವೆ, ಎಷ್ಟು ಹೋಗುತ್ತವೆ ಎಂಬ ಲೆಕ್ಕ ಅಲ್ಲಿರುತ್ತದೆ. ಒಂದನ್ನು ತೆಗೆಯುವಾಗ ನಲವತ್ತು ಹೋಗುತ್ತವೆ ಎಂದಿದ್ದರೆ ಅಲ್ಲೇ ನಿಲ್ಲಿ. ಏನನ್ನೋ *ಹಾಕುವಾಗ* ತೆಗೆಯುವ ಸಂಖ್ಯೆ ಸೊನ್ನೆಯಾಗಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ನಿಲ್ಲಿ. ಆಮೇಲೆ ಹೆಸರುಗಳಲ್ಲಿ ‘ಡೆಸ್ಕ್‌ಟಾಪ್’, ‘ನೆಟ್‌ವರ್ಕ್-ಮ್ಯಾನೇಜರ್’, ‘ಸಿಸ್ಟಂಡಿ’, ‘ಪೈಥಾನ್3’ ಇವುಗಳಲ್ಲಿ ಒಂದಾದರೂ ಇದೆಯೇ ಎಂದು ಕಣ್ಣು ಹಾಯಿಸಿ. ಇದ್ದರೆ ಉತ್ತರ ‘ಬೇಡ’.

ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನ ಆಪ್ಟ್. ಹಳೆಯ ಆಪ್ಟ್ ಈ ಹೆಸರುಗಳನ್ನೆಲ್ಲ ಒತ್ತೊತ್ತಾಗಿ ಒಂದೇ ಪ್ಯಾರಾದಲ್ಲಿ ಸುರಿಯುತ್ತಿತ್ತು. 2025ರಲ್ಲಿ ಬಂದ ಆಪ್ಟ್ 3.0, ಅಂದರೆ ಡೆಬಿಯನ್ 13ರ ಜೊತೆಗಿರುವುದು, ಹೆಸರುಗಳನ್ನು ಕಂಬಸಾಲಾಗಿ ಜೋಡಿಸಿ, ಹೋಗುವವನ್ನು ಕೆಂಪಿನಲ್ಲಿ ತೋರಿಸುತ್ತದೆ. ಇಷ್ಟು ಮಾಡಲು ಇಷ್ಟು ವರ್ಷ ಏಕೆ ಬೇಕಾಯಿತೋ!

"ಏನಾಗುತ್ತದೆ ಎಂದು ನೋಡಬೇಕು, ಆದರೆ ತೆಗೆಯಬಾರದು. ಸಾಧ್ಯವೇ?"

ಸಾಧ್ಯ. ಆಪ್ಟ್‌ಗೆ ‘ಸಿಮ್ಯುಲೇಟ್’ ಎಂಬ ಆಯ್ಕೆ ಕೊಟ್ಟರೆ ಕೆಲಸ ಮಾಡಿದಂತೆ ನಟಿಸಿ, ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಏನನ್ನೂ ಮುಟ್ಟುವುದಿಲ್ಲ.

"ವಿಂಡೋಸ್‌ನಲ್ಲಿ ‘ವಿಷುವಲ್ ಸಿ++’ ಎಂದು ಏಳೆಂಟು ಸಾಲು ಇವೆ. ಎಲ್ಲ ಒಂದೇ ತರಹ ಕಾಣುತ್ತವೆ. ಒಂದನ್ನು ಇಟ್ಟುಕೊಂಡು ಬಾಕಿ ತೆಗೆದರಾಯಿತೇ?"

ಆಗದು. ಅವು ಬೇರೆ ಪ್ರೋಗ್ರಾಮುಗಳು ನೆಚ್ಚುವ ಲೈಬ್ರರಿಗಳು, ಒಂದರ ನಕಲು ಇನ್ನೊಂದಲ್ಲ. 2008, 2010, 2012, 2013 ಎಂಬ ಇಸವಿಗಳು ಬೇರೆ ಬೇರೆ ಆವೃತ್ತಿಗಳು; 2010ನ್ನು ನೆಚ್ಚಿ ಬರೆದ ಪ್ರೋಗ್ರಾಮಿಗೆ 2013 ಇದ್ದರೂ ಪ್ರಯೋಜನವಿಲ್ಲ. 2015ರ ಅನಂತರದವು ಮಾತ್ರ ಒಂದೇ ಸಾಲಿನಲ್ಲಿ ಒಟ್ಟಾಗಿವೆ. ‘ಎಕ್ಸ್86’, ‘ಎಕ್ಸ್64’ ಎಂದು ಜೋಡಿಯಾಗಿ ಇರುವುದಕ್ಕೂ ಕಾರಣವಿದೆ: ನಿಮ್ಮ ವಿಂಡೋಸ್ 64 ಬಿಟ್ಟಿನದಾದರೂ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ 32 ಬಿಟ್ಟಿನದಾಗಿರಬಹುದು, ಅದಕ್ಕೆ ಎಕ್ಸ್86 ಬೇಕು.

ಇಲ್ಲಿ ವಿಂಡೋಸ್ ‘ಇದನ್ನು ಇಂಥಿಂಥವು ಬಳಸುತ್ತಿವೆ’ ಎಂದು ಎಚ್ಚರಿಸುವುದಿಲ್ಲ. ತೆಗೆಯುವಾಗ ಎಲ್ಲವೂ ಸುಸೂತ್ರ. ಮರುದಿನ ಬೆಳಿಗ್ಗೆ ಗಿರಾಕಿ ಬಿಲ್ಲಿಗೆ ಕಾಯುತ್ತ ನಿಂತಾಗ ‘ಇಂಥ ಡಿಎಲ್‌ಎಲ್ (ಲೈಬ್ರರಿ ಕಡತ) ಸಿಗಲಿಲ್ಲ’ ಎಂಬ ಪೆಟ್ಟಿಗೆ ಮೇಲೆದ್ದು ಬರುತ್ತದೆ. ಉಳಿಯುವ ಜಾಗವೋ ಕೆಲವೇ ಎಂಬಿ. ಅವುಗಳ ಪಾಡಿಗೆ ಅವುಗಳನ್ನು ಬಿಡಿ.

"ಮೊಬೈಲಿನಲ್ಲಿ ‘ವೆಬ್‌ವ್ಯೂ’ ಎಂಬುದನ್ನು ನಾನು ತೆರೆದೇ ಇಲ್ಲ. ನಿಷ್ಕ್ರಿಯಗೊಳಿಸಲೇ?"

ನೀವು ತೆರೆಯುವುದಿಲ್ಲ, ನಿಮ್ಮ ಆ್ಯಪ್‌ಗಳು ತೆರೆಯುತ್ತವೆ. ಆ್ಯಪ್ ಒಳಗೇ ವೆಬ್ ಪುಟ ತೋರಿಸಬೇಕಾದಾಗಲೆಲ್ಲ ಅವು ವೆಬ್‌ವ್ಯೂವನ್ನೇ ಕರೆಯುತ್ತವೆ. 2021ರ ಮಾರ್ಚಿನಲ್ಲಿ ಅದಕ್ಕೆ ಬಂದ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಜಿಮೇಲ್ ಸೇರಿ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದವು. ಕಾಣದ ಭಾಗದ ತೂಕ ಎಷ್ಟೆಂದು ಅಂದು ಗೊತ್ತಾಯಿತು. ಆಂಡ್ರಾಯ್ಡ್ ಎಚ್ಚರಿಕೆ ಕೊಡುವುದೇನೋ ನಿಜ, ಆದರೆ ಬಹುತೇಕ ಎಲ್ಲಕ್ಕೂ ಅದೇ ಒಂದು ವಾಕ್ಯ: ಬೇರೆ ಆ್ಯಪ್‌ಗಳು ಸರಿಯಾಗಿ ಕೆಲಸ ಮಾಡದಿರಬಹುದು. ಯಾವ ಆ್ಯಪ್ ಎಂದು ಹೇಳದ ಎಚ್ಚರಿಕೆಯನ್ನು ಜನ ಎರಡನೆಯ ಸಲ ಓದುವುದಿಲ್ಲ.

## ಸ್ವಲ್ಪ ಪಳಗಿದವರಿಗೆ

"‘ಇವು ಇನ್ನು ಬೇಕಾಗಿಲ್ಲ’ ಎಂದು ಯಂತ್ರವೇ ಹೇಳುತ್ತದಲ್ಲ. ಅದನ್ನಾದರೂ ನಂಬಬಹುದೇ?"

ಬಹುಪಾಲು ನಂಬಬಹುದು, ಕಣ್ಣು ಮುಚ್ಚಿ ಬೇಡ. ಆಪ್ಟ್ ಪ್ರತಿ ಪ್ಯಾಕೇಜಿಗೂ ಒಂದು ಗುರುತು ಇಟ್ಟಿರುತ್ತದೆ: ನೀವು ಕೇಳಿ ಹಾಕಿಸಿದ್ದೋ, ಬೇರೊಂದರ ಬೆನ್ನಿಗೆ ಬಂದದ್ದೋ. ಬೆನ್ನಿಗೆ ಬಂದದ್ದನ್ನು ಈಗ ಯಾವ ಪ್ಯಾಕೇಜೂ ಕೇಳುತ್ತಿಲ್ಲವಾದರೆ ‘ಬೇಕಾಗಿಲ್ಲ’ ಎಂಬ ಪಟ್ಟಿಗೆ ಸೇರಿಸುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳು ಹೀಗೆ ಹೋಗುವುದು ಒಳ್ಳೆಯದೇ.

ಎಡವುವುದು ಎಲ್ಲಿ? ಬೇರೊಂದರ ಬೆನ್ನಿಗೆ ಬಂದದ್ದನ್ನು ನೀವು ನೇರವಾಗಿ ಬಳಸತೊಡಗಿದಾಗ. ಡೊಂಬಿವಲಿಯ ಒಂದು ಹೋಟೆಲಿನಲ್ಲಿ ದಿನದ ಲೆಕ್ಕವನ್ನು ಪಿಡಿಎಫ್ ಮಾಡಿ ಮಾಲೀಕರಿಗೆ ಕಳುಹಿಸುವ ಪುಟ್ಟ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಇತ್ತು. ಅದು ಬಳಸುತ್ತಿದ್ದ ಸಾಧನ ಬಂದದ್ದು ಯಾವುದೋ ಮುದ್ರಣದ ಪ್ಯಾಕೇಜಿನ ಜೊತೆಗೆ. ಮುದ್ರಣದ್ದನ್ನು ತೆಗೆದರು; ಮುಂದಿನ ವಾರ ಶುಚಿ ಮಾಡುವಾಗ ಪಿಡಿಎಫ್‌ನದೂ ಹೋಯಿತು. ಆ ಸ್ಕ್ರಿಪ್ಟ್ ಇದೆ ಎಂಬುದೇ ಆಪ್ಟ್‌ಗೆ ಗೊತ್ತಿರಲಿಲ್ಲ, ಗೊತ್ತಿರುವ ದಾರಿಯೂ ಇರಲಿಲ್ಲ. ಇಂಥದ್ದನ್ನು ತಡೆಯಲು ‘ಆಪ್ಟ್-ಮಾರ್ಕ್ ಮ್ಯಾನ್ಯುಅಲ್’ ಎಂದು ಹೇಳಿ ಆ ಪ್ಯಾಕೇಜಿನ ಹೆಸರು ಕೊಡಿ. ಅಂದಿನಿಂದ ಅದು ನೀವು ಕೇಳಿ ಹಾಕಿಸಿದ್ದು ಎಂದೇ ಲೆಕ್ಕ.

"ಒಂದು ಪ್ಯಾಕೇಜ್ ತೆಗೆದರೆ ಕೆಲವು ಸಲ ಏನೂ ಹೋಗುವುದಿಲ್ಲ, ಆದರೂ ಏನೋ ಒಂದು ಕೆಟ್ಟಿರುತ್ತದೆ. ಏಕೆ?"

ಅವಲಂಬನೆಯಲ್ಲಿ ತರತಮವಿದೆ. ‘ಇದಿಲ್ಲದೆ ನಾನಿಲ್ಲ’ ಎಂಬುದು ಒಂದು, ‘ಇದ್ದರೆ ಒಳ್ಳೆಯದು’ ಎಂಬುದು ಇನ್ನೊಂದು, ‘ಬೇಕಿದ್ದರೆ ನೋಡು’ ಎಂಬುದು ಮತ್ತೊಂದು. ಡೆಬಿಯನ್ ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡುತ್ತದೆ. ತೆಗೆಯುವಾಗ ಜೊತೆಗೆ ಎಳೆದೊಯ್ಯುವುದು ಮೊದಲನೆಯದನ್ನು ಮಾತ್ರ. ಎರಡನೆಯ ಬಗೆಯದನ್ನು ತೆಗೆದರೆ ಮುಖ್ಯ ಪ್ರೋಗ್ರಾಂ ಉಳಿಯುತ್ತದೆ, ಅದರ ಒಂದು ಸೌಲಭ್ಯ ಸದ್ದಿಲ್ಲದೆ ಮಾಯವಾಗುತ್ತದೆ.

"ಸಂಘದ ಕಂಪ್ಯೂಟರಿನಿಂದ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನೂ ಅದರ ಫಾಂಟುಗಳನ್ನೂ ತೆಗೆದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಈಗ ಹತ್ತು ವರ್ಷದ ಆಮಂತ್ರಣ ಪತ್ರಿಕೆಗಳೆಲ್ಲ ಗೀಚಿದಂತೆ ಕಾಣುತ್ತವೆ. ಕಡತ ಹಾಳಾಯಿತೇ?"

ಕಡತಕ್ಕೆ ಏನೂ ಆಗಿಲ್ಲ, ಗಾಬರಿ ಬೇಡ. ಮುಂಬಯಿಯ ಕನ್ನಡ ಸಂಘಗಳಲ್ಲಿ, ಶಾಲೆಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ.

ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಕಡತದೊಳಗೆ ಉಳಿಯುವುದು ಆ ಸಂಕೇತಗಳು ಮಾತ್ರ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು. ಫಾಂಟು ಹೋದರೆ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಅದೇ ಫಾಂಟನ್ನು ಮರಳಿ ಹಾಕಿ, ಪತ್ರಿಕೆಗಳು ಮರಳಿ ಬರುತ್ತವೆ. ಬಳಿಕ ಒಂದು ರಜೆಯ ದಿನ ಕುಳಿತು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ನುಡಿ, ಅದರಂಥದೇ ಆದ ‘ಬರಹ’ ಎರಡರಲ್ಲೂ ಅದಕ್ಕೆ ಸಾಧನವಿದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಫಾಂಟನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್‌ಗಳಿಗೆ ಈ ತೊಂದರೆಯಿಲ್ಲ.

ಎಚ್ಚರಿಕೆ ಏಕೆ ಬರಲಿಲ್ಲ ಎಂದರೆ, ಯಂತ್ರಕ್ಕೆ ತಿಳಿದಿರುವುದು ಪ್ರೋಗ್ರಾಮಿಗೂ ಪ್ರೋಗ್ರಾಮಿಗೂ ಇರುವ ನಂಟು. ಕಡತಕ್ಕೂ ಫಾಂಟಿಗೂ ಇರುವ ನಂಟು ಅದರ ದಫ್ತರಿನಲ್ಲಿ ಇಲ್ಲ. ಲಿನಕ್ಸ್‌ನಲ್ಲೂ ಇದೇ ಕಥೆ. ಡೆಬಿಯನ್‌ನ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟಿನ ಮೂಲಕ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಬರುತ್ತವೆ. ಗುಬ್ಬಿಯನ್ನು ತೆಗೆದರೆ ಕಟ್ಟಿನ ಹೆಸರು ಪಟ್ಟಿಯಲ್ಲಿ ಬರಬಹುದು, ನಿಮ್ಮ ಪತ್ರಿಕೆಯ ಹೆಸರು ಎಂದೂ ಬರುವುದಿಲ್ಲ.

"ಎಚ್ಚರಿಕೆ ಬಂದಿತ್ತು, ನಾನೇ ‘ವೈ’ (ಹೌದು) ಒತ್ತಿದೆ. ಹಾಗಿದ್ದ ಮೇಲೆ ತಪ್ಪು ನನ್ನದೇ ಅಲ್ಲವೇ?"

ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. 2021ರ ನವೆಂಬರಿನಲ್ಲಿ ಲಕ್ಷಾಂತರ ಜನ ನೋಡಿದ ಪ್ರಸಂಗವೊಂದಿದೆ. ಕಂಪ್ಯೂಟರ್ ವಿಮರ್ಶೆಯಲ್ಲಿ ಹೆಸರಾದ ಯೂಟ್ಯೂಬರ್ ಒಬ್ಬರು ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ‘ಸ್ಟೀಮ್’ ಹಾಕಲು ಹೊರಟರು. ಆಟವಾಡಲು ಬೇಕಾದ ಪ್ರೋಗ್ರಾಂ, ಅಷ್ಟೇ. ಗುಂಡಿ ಒತ್ತಿ ಹಾಕುವ ದಾರಿ ಕೈಕೊಟ್ಟಿತು. ಆದೇಶಗಳನ್ನು ಟೈಪು ಮಾಡುವ ಟರ್ಮಿನಲ್‌ಗೆ ಹೋದರು. ಆಗ ಪ್ಯಾಕೇಜುಗಳ ನಡುವೆ ಇದ್ದ ಒಂದು ತಾತ್ಕಾಲಿಕ ಎಡವಟ್ಟಿನಿಂದಾಗಿ ಆಪ್ಟ್ ಕಂಡುಕೊಂಡ ಪರಿಹಾರ ಇದು: ಸ್ಟೀಮ್ ಹಾಕುತ್ತೇನೆ, ಅದಕ್ಕಾಗಿ ಡೆಸ್ಕ್‌ಟಾಪನ್ನು (ಪರದೆಯ ಮೇಲಿನ ಕಿಟಕಿ, ಗುಂಡಿಗಳನ್ನೆಲ್ಲ) ತೆಗೆಯುತ್ತೇನೆ. ಎಚ್ಚರಿಕೆ ಬಂತು. ಮುಂದುವರಿಯಲು ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅಕ್ಷರಕ್ಷರವೂ ಟೈಪು ಮಾಡಬೇಕಿತ್ತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು.

‘ಓದದೆ ಒತ್ತಿದರೆ ಹೀಗೇ’ ಎಂದು ಹಲವರು ನಕ್ಕರು. ನನಗೆ ಆ ನಗು ಹಿಡಿಸುವುದಿಲ್ಲ. ಏನನ್ನೋ *ಹಾಕುವವನ* ಮನಸ್ಸಿನಲ್ಲಿ ತೆಗೆಯುವ ಮಾತೇ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಅನಗತ್ಯವಾಗಿ ‘ಖಚಿತವೇ?’ ಎಂದು ಕೇಳಿದ ಯಂತ್ರ ಹನ್ನೊಂದನೆಯ ಸಲ ನಿಜವಾಗಿ ಕೇಳಿದರೆ ಬೆರಳು ತನ್ನಷ್ಟಕ್ಕೆ ಹೋಗುತ್ತದೆ. ಆಪ್ಟ್‌ನ ಸಾಮಾನ್ಯ ಪ್ರಶ್ನೆಯಲ್ಲಿ ಬರೀ ಎಂಟರ್ ಒತ್ತಿದರೂ ಅದು ‘ಹೌದು’ ಎಂದೇ ಲೆಕ್ಕ, ಇದನ್ನೂ ಮರೆಯಬೇಡಿ. ಆಪ್ಟ್ ಬರೆಯುವವರು ಪಾಠ ಕಲಿತರು ಎನ್ನಬೇಕು: ಅದೇ ವರ್ಷದ ಕೊನೆಯಲ್ಲಿ ಬಂದ 2.3.12ನೇ ಆವೃತ್ತಿಯಿಂದ, ಬೇರೊಂದನ್ನು ಹಾಕುವ ಸಲುವಾಗಿ ಅತ್ಯಗತ್ಯ ಪ್ಯಾಕೇಜುಗಳನ್ನು ಬಲಿಕೊಡುವ ಪರಿಹಾರವನ್ನು ಅದು ಮುಂದಿಡುವುದಿಲ್ಲ.

"ಆಗಿದ್ದು ಆಗಿಹೋಯಿತು. ಪರದೆ ಕಪ್ಪಗಿದೆ, ಮೌಸಿನ ಬಾಣವೂ ಇಲ್ಲ. ಈಗೇನು ಮಾಡಲಿ ಅಣ್ಣ?"

ಮೊದಲು, ಹೊಸದಾಗಿ ಎಲ್ಲವನ್ನೂ ಹಾಕಿಕೊಡುತ್ತೇನೆ ಎನ್ನುವ ಅಂಗಡಿಗೆ ಓಡಬೇಡಿ. ನಿಮ್ಮ ಕಡತಗಳು ಇದ್ದಲ್ಲೇ ಇವೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಲಾಗಿನ್ ಪರದೆ ಬರುತ್ತದೆ. ಒಳಹೊಕ್ಕು ‘ವಾರ್’ ಕೋಶದ ‘ಲಾಗ್’ನಲ್ಲಿ ‘ಆಪ್ಟ್’ ಎಂಬುದರೊಳಗಿನ ಹಿಸ್ಟರಿ ಕಡತ ನೋಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಆದೇಶದಿಂದ ಏನೇನು ಹೋಯಿತು ಎಂಬುದೆಲ್ಲ ಅಲ್ಲಿದೆ. ಆ ಹೆಸರುಗಳನ್ನೇ ಮತ್ತೆ ಹಾಕಬೇಕು. ಉಬುಂಟುವಾದರೆ ‘ಉಬುಂಟು-ಡೆಸ್ಕ್‌ಟಾಪ್’ ಒಂದನ್ನು ಹಾಕಿದರೆ ಮುಕ್ಕಾಲು ಪಾಲು ಮರಳುತ್ತದೆ.

ನೆಟ್‌ವರ್ಕ್ ಮ್ಯಾನೇಜರ್ ಕೂಡ ಹೋಗಿದ್ದರೆ ವೈಫೈ ಇರುವುದಿಲ್ಲ. ಆಗ ರೂಟರಿನಿಂದ ಕೇಬಲ್ ಎಳೆದು, ಇಲ್ಲವೇ ಮೊಬೈಲನ್ನು ಯುಎಸ್‌ಬಿ ಮೂಲಕ ಜೋಡಿಸಿ ಪ್ರಯತ್ನಿಸಬೇಕು. ಸ್ವಲ್ಪ ಬಲ್ಲವರು ಪಕ್ಕದಲ್ಲಿದ್ದರೆ ಒಳ್ಳೆಯದು. ಫೆಡೋರಾ ಎಂಬ ಲಿನಕ್ಸ್‌ನವರು ಪುಣ್ಯವಂತರು: ಅಲ್ಲಿ ಆಪ್ಟ್‌ನ ಬದಲಿಗಿರುವ ಡಿಎನ್‌ಎಫ್‌ನ ‘ಹಿಸ್ಟರಿ ಅಂಡೂ’ ಒಂದೇ ಆದೇಶದಲ್ಲಿ ಹಿಂದಿನ ವ್ಯವಹಾರವನ್ನು ತಿರುಗಿಸಲು ನೋಡುತ್ತದೆ.

## ಒಳಗಿಳಿದವರಿಗೆ

"ಒಂದು ವ್ಯವಸ್ಥೆ ತೆಗೆಯುವುದಿಲ್ಲ ಎಂದು ಹಟ ಹಿಡಿಯುತ್ತದೆ, ಇನ್ನೊಂದು ಎಲ್ಲವನ್ನೂ ಬಳಿದುಕೊಂಡು ಹೋಗುತ್ತದೆ. ಯಾವುದು ಸರಿ?"

ಎರಡೂ ಪದರಗಳು ಬೇಕು. ಕೆಳಗಿನ ಪದರದ, ಅಂದರೆ ಪ್ಯಾಕೇಜನ್ನು ನೇರವಾಗಿ ಹಾಕಿ ತೆಗೆಯುವ ಡಿಪಿಕೆಜಿ, ಆರ್‌ಪಿಎಂ ಹಟಮಾರಿಗಳು: ಬೇರೊಂದಕ್ಕೆ ಬೇಕಾದದ್ದನ್ನು ತೆಗೆ ಎಂದರೆ ಯಾರಿಗೆ ಬೇಕು ಎಂದು ಹೆಸರು ಹೇಳಿ ಕೈಚೆಲ್ಲುತ್ತವೆ. ಮೇಲಿನ ಪದರದ ಆಪ್ಟ್, ಡಿಎನ್‌ಎಫ್ ಅವಲಂಬಿಸಿದವನ್ನೂ ಸೇರಿಸಿಕೊಂಡು ಪಟ್ಟಿ ಕೊಟ್ಟು ಕೇಳುತ್ತವೆ. ಡಿಎನ್‌ಎಫ್ ತನ್ನನ್ನೂ ಸಿಸ್ಟಂಡಿಯನ್ನೂ ಈಗ ಓಡುತ್ತಿರುವ ಕರ್ನಲನ್ನೂ ಮಾತ್ರ ಬಿಟ್ಟುಕೊಡುವುದಿಲ್ಲ. ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಮೊದಲು ನಿರಾಕರಿಸುತ್ತದೆ, ನೀವು ಬಾಯಿಬಿಟ್ಟು ಕೇಳಿದರೆ ಮಾತ್ರ ಎಲ್ಲವನ್ನೂ ಒಯ್ಯುತ್ತದೆ. ಮ್ಯಾಕ್‌ನ ಹೋಮ್‌ಬ್ರೂ ಕೂಡ ನಿರಾಕರಿಸಿ, ಯಾವುದಕ್ಕೆ ಬೇಕು ಎಂದು ಹೇಳಿ, ಮೀರುವ ದಾರಿಯನ್ನೂ ತಿಳಿಸುತ್ತದೆ. ನನ್ನ ಮತ ಪ್ಯಾಕ್‌ಮ್ಯಾನ್, ಹೋಮ್‌ಬ್ರೂಗಳ ಕಡೆಗೆ: ಮೊದಲ ಉತ್ತರ ‘ಇಲ್ಲ’ ಎಂದಿರಲಿ.

ಪೈಥಾನ್ ಭಾಷೆಯ ಪ್ಯಾಕೇಜ್ ಸಾಧನ ಪಿಪ್ ಮಾತ್ರ ಬೇರೆಯೇ ಜಾತಿ. ‘ಮುಂದುವರಿಯಲೇ?’ ಎಂದು ಕೇಳುತ್ತದೆ, ಆದರೆ ಆ ಪ್ಯಾಕೇಜನ್ನು ಯಾರು ನೆಚ್ಚಿದ್ದಾರೆ ಎಂದು ನೋಡುವುದೇ ಇಲ್ಲ. ತೆಗೆಯುವ ಮುನ್ನ ‘ಪಿಪ್ ಶೋ’ ಕೊಟ್ಟರೆ ಯಾವುದಕ್ಕೆ ಬೇಕು ಎಂಬ ಸಾಲು ಸಿಗುತ್ತದೆ. ತೆಗೆದ ಮೇಲೆ ‘ಪಿಪ್ ಚೆಕ್’ ಕೊಟ್ಟರೆ ಏನು ಮುರಿದಿದೆ ಎಂದು ತಿಳಿಯುತ್ತದೆ.

"ನಮ್ಮದೇ ಸ್ಕ್ರಿಪ್ಟುಗಳಿಗೆ ಬೇಕಾದ ಪ್ಯಾಕೇಜನ್ನು ಯಾರೋ ತೆಗೆಯದಂತೆ ವ್ಯವಸ್ಥೆಗೇ ತಿಳಿಸುವುದು ಹೇಗೆ?"

ಖಾಲಿ ಪ್ಯಾಕೇಜೊಂದನ್ನು ಮಾಡಿ. ಡೆಬಿಯನ್‌ನಲ್ಲಿ ‘ಈಕ್ವಿವ್ಸ್’ ಎಂಬ ಸಾಧನವಿದೆ. ಒಂದು ಸಣ್ಣ ಪಠ್ಯ ಕಡತದಲ್ಲಿ ಪ್ಯಾಕೇಜಿನ ಹೆಸರು, ಅದಕ್ಕೆ ಏನೇನು ಬೇಕು ಎಂದು ಬರೆದರೆ, ಒಳಗೆ ಏನೂ ಇಲ್ಲದ, ಅವಲಂಬನೆಗಳನ್ನಷ್ಟೇ ಸಾರುವ ಪ್ಯಾಕೇಜ್ ತಯಾರಾಗುತ್ತದೆ. ಅದಕ್ಕೆ ‘ಹೋಟೆಲ್-ಬಿಲ್ಲಿಂಗ್-ಮುಟ್ಟಬೇಡಿ’ ಎಂಬಂಥ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಡಿ. ನಾಳೆ ಯಾರಾದರೂ ಪಿಡಿಎಫ್ ಸಾಧನ ತೆಗೆಯಲು ಹೋದರೆ, ಹೋಗುವವುಗಳ ಪಟ್ಟಿಯಲ್ಲಿ ಈ ಹೆಸರು ಕಣ್ಣಿಗೆ ರಾಚುತ್ತದೆ. ಹತ್ತು ನಿಮಿಷದ ಕೆಲಸ. ಪ್ಯಾಕೇಜಿನ ಹೆಸರನ್ನೇ ಎಚ್ಚರಿಕೆಯ ಫಲಕ ಮಾಡಿಕೊಳ್ಳುವ ಈ ಉಪಾಯ ನನಗೆ ತುಂಬಾ ಇಷ್ಟ.

"ನಾವೇ ಎಚ್ಚರಿಕೆ ಬರೆಯಬೇಕಾಗಿದೆ. ಬಳಕೆದಾರ ಓದುವಂತೆ ಬರೆಯುವುದು ಹೇಗೆ?"

ಹಿಂಜೆವಾಡಿಯ ಗೆಳೆಯರೊಬ್ಬರು ಕಳುಹಿಸಿದ ಕರಡಿನಲ್ಲಿ ಹೀಗಿತ್ತು: ‘ಈ ಘಟಕದ ಮೇಲೆ ಇತರ ಘಟಕಗಳು ಅವಲಂಬಿತವಾಗಿವೆ. ಮುಂದುವರಿಯಲು ಖಚಿತವೇ? ಸರಿ / ರದ್ದು.’ ಇದರಲ್ಲಿ ಬಳಕೆದಾರನಿಗೆ ಉಪಯೋಗವಾಗುವ ಒಂದು ಪದವೂ ಇಲ್ಲ. ತಿದ್ದಿ ಹೀಗೆ ಮಾಡಿದೆವು: ‘ಇದನ್ನು ತೆಗೆದರೆ ಬಿಲ್ ಮುದ್ರಣ ಮತ್ತು ದಿನದ ವರದಿ ನಿಲ್ಲುತ್ತವೆ. ಇನ್ನೂ 6 ಸಣ್ಣ ಭಾಗಗಳು ಹೋಗುತ್ತವೆ, ನೋಡಲು ಒತ್ತಿ.’ ಗುಂಡಿಗಳು: ‘ಏನನ್ನೂ ತೆಗೆಯಬೇಡ’, ‘ಎಲ್ಲವನ್ನೂ ತೆಗೆ’. ಎಂಟರ್ ಒತ್ತಿದರೆ ಮೊದಲನೆಯದೇ.

ಹಾಗೆಂದು ಎಲ್ಲದಕ್ಕೂ ಇಷ್ಟು ಗಂಭೀರವಾಗಿ ಕೇಳಬೇಡಿ. ಬೇರೆ ಯಾವುದನ್ನೂ ಮುಟ್ಟದ ತೆಗೆತಕ್ಕೆ ಪ್ರಶ್ನೆಯೇ ಬೇಡ, ಮರಳಿ ತರುವ ದಾರಿ ಇಟ್ಟರೆ ಸಾಕು. ಹೆಸರು ಟೈಪು ಮಾಡಿಸುವ ಕಠಿಣ ತಡೆ ಅಪರೂಪದ, ತಿರುಗಿಸಲಾಗದ ಕೆಲಸಕ್ಕಿರಲಿ. ಕೋಡ್ ಇಡುವ ತಾಣವಾದ ಗಿಟ್‌ಹಬ್ ಇಡೀ ರೆಪಾಸಿಟರಿಯನ್ನು (ಒಂದು ಯೋಜನೆಯ ಕೋಡ್ ಭಂಡಾರವನ್ನು) ಅಳಿಸುವಾಗ ಹಾಗೆ ಕೇಳುತ್ತದೆ. ಅಲ್ಲೂ ಒಂದು ಜಾಣತನವಿದೆ: ಟೈಪು ಮಾಡಬೇಕಾದದ್ದು ಎಂದಿನ ಒಂದೇ ವಾಕ್ಯವಲ್ಲ, ಅಳಿಯಲಿರುವುದರ ಹೆಸರು.

"ಪಕ್ಕದ ಮೇಜಿನವನ ಟರ್ಮಿನಲ್ ಮರಾಠಿಯಲ್ಲಿ ಮಾತಾಡುತ್ತದೆ. ನಮ್ಮದು ಇಂಗ್ಲಿಷಿನಲ್ಲೇ ಏಕೆ?"

ಆಪ್ಟ್‌ನ ಸಂದೇಶಗಳಿಗೆ ಮರಾಠಿ ಅನುವಾದ ಇದೆ, ಕನ್ನಡದ್ದಿಲ್ಲ. ಯಾರೋ ಕುಳಿತು ಮಾಡಿದ್ದರಿಂದ ಅದಿದೆ, ಯಾರೂ ಕುಳಿತು ಮಾಡದ್ದರಿಂದ ಇದಿಲ್ಲ. ಮಾಡಲು ಹೊರಡುವವರು ತೆಗೆಯುವಿಕೆಯ ಎಚ್ಚರಿಕೆಗಳಿಂದಲೇ ಶುರು ಮಾಡಿ, ಬಾಕಿಯದು ಕಾಯಬಹುದು.

"ನಮ್ಮ ಯಂತ್ರದಲ್ಲಿ ಸರಿ. ಪ್ಯಾಕೇಜ್ ಸಿಗುವ ಜಾಗದಿಂದಲೇ ಅದನ್ನು ಬರೆದವರು ತೆಗೆದುಬಿಟ್ಟರೆ?"

ಅದೂ ಆಗಿದೆ. 2016ರ ಮಾರ್ಚ್ 22ರಂದು, ಹೆಸರಿನ ವಿಚಾರವಾಗಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂ ಜೊತೆ ಜಗಳವಾಗಿ, ಬರಹಗಾರರೊಬ್ಬರು ತಮ್ಮ ಪ್ಯಾಕೇಜುಗಳನ್ನೆಲ್ಲ ಅಲ್ಲಿಂದ ಹಿಂತೆಗೆದುಕೊಂಡರು. ಅವುಗಳಲ್ಲಿ ಒಂದು ‘ಲೆಫ್ಟ್-ಪ್ಯಾಡ್’. ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವ, ಹನ್ನೊಂದು ಸಾಲಿನ ಕೋಡ್. ಅದನ್ನು ನೇರವಾಗಿಯೋ ಬಳಸುದಾರಿಯಲ್ಲೋ ನೆಚ್ಚಿದ್ದ ಸಾವಿರಾರು ಯೋಜನೆಗಳ ಬಿಲ್ಡ್ (ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಕೆಲಸ) ನಿಂತಿತು. ಎನ್‌ಪಿಎಂ ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇಟ್ಟಿತು, ಬಳಿಕ ನಿಯಮ ಬಿಗಿ ಮಾಡಿತು. ಈಗ ಪ್ರಕಟಿಸಿ 72 ಗಂಟೆ ಕಳೆದ ಮೇಲೆ ಹಿಂತೆಗೆಯಬೇಕಾದರೆ ಬೇರಾವ ಪ್ಯಾಕೇಜೂ ಅದನ್ನು ನೆಚ್ಚಿರಬಾರದು, ಹಿಂದಿನ ವಾರದ ಡೌನ್‌ಲೋಡ್ 300ಕ್ಕಿಂತ ಕಡಿಮೆ ಇರಬೇಕು, ಒಡೆಯ ಒಬ್ಬನೇ ಇರಬೇಕು.

"ರಾತ್ರಿ ಎರಡು ಗಂಟೆಗೆ ಸ್ಕ್ರಿಪ್ಟ್ ತಾನೇ ಓಡುತ್ತದೆ. ಎಚ್ಚರಿಕೆಯನ್ನು ಯಾರು ಓದುತ್ತಾರೆ?"

ಯಾರೂ ಇಲ್ಲ. ಆದ್ದರಿಂದ ಅಲ್ಲಿ ಎಚ್ಚರಿಕೆಯ ಬದಲು ತಡೆ ಬೇಕು. ‘ವೈ’ ಆಯ್ಕೆ ಕೊಟ್ಟ ಆಪ್ಟ್-ಗೆಟ್ ಎಲ್ಲ ಪ್ರಶ್ನೆಗಳಿಗೂ ಹೌದು ಎಂದುಕೊಂಡು ಹೋಗುತ್ತದೆ. ಅತ್ಯಗತ್ಯ ಪ್ಯಾಕೇಜ್ ತೆಗೆಯುವಂಥ ಪ್ರಸಂಗ ಬಂದರೆ ಮಾತ್ರ ನಿಲ್ಲುತ್ತದೆ. ನಿಮ್ಮ ಬಿಲ್ಲಿಂಗ್ ಅದರ ಕಣ್ಣಿಗೆ ಅತ್ಯಗತ್ಯವಲ್ಲ. ಅಪ್‌ಡೇಟ್ ಸ್ಕ್ರಿಪ್ಟಿನಲ್ಲಿ ಅದರ ಜೊತೆಗೆ ‘ನೋ-ರಿಮೂವ್’ ಆಯ್ಕೆಯನ್ನೂ ಸೇರಿಸಿ. ಒಂದೇ ಒಂದು ಪ್ಯಾಕೇಜ್ ಹೋಗಬೇಕಾಗಿ ಬಂದರೂ ಅದು ಏನನ್ನೂ ಮಾಡದೆ ಹೊರಬರುತ್ತದೆ. ಹಾಗೆ ಹೊರಬಂದ ಸುದ್ದಿ ಬೆಳಿಗ್ಗೆ ಹೋಟೆಲ್ ತೆರೆಯುವ ಮೊದಲು ನಿಮ್ಮ ಮೊಬೈಲಿಗೆ ಬರುವಂತೆ ಮಾಡಿಕೊಳ್ಳಿ.